ಐದನೇದು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಪ್ರಾಯದಲ್ಲಿ ಲಾರಿ ಚಕ್ರದ ರಿಮ್ಮು ಸಿಡಿದು ಕಿತ್ತುಕೊಂಡು ಹೋಗಿತ್ತಂತೆ. ಉಳಿದ ಒಂಬತ್ತು ಬೆರಳುಗಳು ರಬ್ಬರಿನ ಮಸಿ ಕುಡಿದು ಕಪ್ಪಾಗಿದ್ದರೂ ಆ ಹೆಬ್ಬೆರಳಿನ ತುದಿ ಮಾತ್ರ ಎಳೆ ಮಗುವಿನದರ ಹಾಗೆ ಕೆಂಪಗೆ, ನುಣ್ಣಗೆ ಇತ್ತು. ಯಾವ ಗಾಡಿ ಬಂದರೂ ಮೊದಲು ಅದನ್ನೇ ಟೈರಿನ ಹಲ್ಲುಗಳ ಸಂದಿಗೆ ತೂರಿಸಿ, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆಮೇಲೆ "ಇನ್ನೊಂದು ಮಳಗಾಲ ಬತ್ತದ" ಅನ್ನುವರು. ಇಲ್ಲವೇ, "ಇದ್ರ ಕತೆ ಮುಗೀತು, ಎಳ್ಳುನೀರು ಬುಡಿ" ಅನ್ನುವರು. ಅಂಗಡಿಯಲ್ಲಿ ಆಳ ಅಳೆಯುವ ಕಡ್ಡಿಯೂ ಇತ್ತು. ಅದು ಗಿರಾಕಿಗಳ ಸಮಾಧಾನಕ್ಕೆ.

ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಸ್ತೆಯಲ್ಲಿ ಅವರ ಟೈರ್ ಅಂಗಡಿ. ಊರಿಗೆಲ್ಲ ಅವರು ಟೈರಣ್ಣ. ತರಕಾರಿ ಲಾರಿಯ ಮಲಯಾಳಿ ಡ್ರೈವರುಗಳಿಗೆ ಚೇಟ್ಟ. ನನಗೆ ಬರೀ ಅಣ್ಣ.

ನಾನು ಪಶುವೈದ್ಯ. ಹುಟ್ಟೂರು ಚಾಮರಾಜನಗರದ ಹತ್ತಿರದ ಉಮ್ಮತ್ತೂರು, ಕೆಲಸ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ. ಬೆಳಿಗ್ಗೆ ಭೀಮನಬೀಡಿನಲ್ಲಿ ಒಂದು ಹಸು, ಮಧ್ಯಾಹ್ನ ಇದೇ ತಾಲ್ಲೂಕಿನ ಮದ್ದೂರಿನ ಕಾಡಂಚಿನಲ್ಲಿ ಒಂದು ಎಮ್ಮೆ. ಬೈಕಿನಲ್ಲಿ ಬಿದ್ದು ಎದ್ದು ಸಾಕಾಗಿ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಕೊಂಡೆ. ಗಾಡಿ ಕಾಡಿಗೆ ಹೇಳಿ ಮಾಡಿಸಿದ್ದು, ಟೈರು ಮಾತ್ರ ಪೇಟೆಯವು. ಮೊದಲ ಮಳೆಗೇ ಭೀಮನಬೀಡಿನ ಹೊಲದ ದಾರಿಯಲ್ಲಿ ಹೂತುಕೊಂಡಿತು. ನಾನು ಯಾವ ಜೋಡೆತ್ತಿಗೆ ಚುಚ್ಚುಮದ್ದು ಕೊಡಲು ಹೋಗಿದ್ದೆನೋ ಅವೇ ನನ್ನ ಗಾಡಿಯನ್ನು ಎಳೆದು ಮೇಲೆ ಹಾಕಿದವು. ಎತ್ತಿನ ಯಜಮಾನ ನಗಲಿಲ್ಲ, ಅಷ್ಟು ಒಳ್ಳೆಯವನು. ಎತ್ತುಗಳು ನಕ್ಕ ಹಾಗಿತ್ತು.

ಆ ಅವಮಾನಕ್ಕೆ ಹದಿನೈದು ದಿನ ಫೋನಿನಲ್ಲಿ ಟೈರುಗಳ ವಿಡಿಯೋ ನೋಡಿದೆ. ನೋಡಿ ನೋಡಿ ತಲೆಯಲ್ಲಿ ಒಂದು ಮಡ್ ಟೈರು ಕೂತುಬಿಟ್ಟಿತು. ಗಾಡಿಯ ಮೈಯಿಂದ ಆಚೆ ಚಾಚಿಕೊಂಡಿರುವ, ಇಟ್ಟಿಗೆಯಷ್ಟು ದಪ್ಪ ಹಲ್ಲಿನ ಟೈರು. ಅದರ ಫೋಟೋ ಹಿಡಿದುಕೊಂಡು ಅಣ್ಣನ ಅಂಗಡಿಗೆ ಹೋದೆ.

"ಇದೇ ಬೇಕು ಕಣಣ್ಣ" ಅಂದೆ.

ಅವರು ಫೋನನ್ನು ದೂರ ಹಿಡಿದು ನೋಡಿದರು. "ಚೆನ್ನಾಗದ. ಆನೆ ಕಾಲಿದ್ದಂಗದ. ಇದ ಹಾಕ್ಕಂಡು ಎಲ್ಲಿಗೋದೀರಿ ಡಾಕ್ಟ್ರೇ?"

"ಕಾಡಿಗೆ. ಕೆಸರಿಗೆ."

"ದಿನಾವ?"

"ಹೆಚ್ಚುಕಮ್ಮಿ ದಿನಾ."

ಅವರು ಫೋನ್ ವಾಪಸ್ ಕೊಟ್ಟರು. ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ನನ್ನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಟೈರಿನ ಸಂದಿಗಳಿಂದ ಒಂದೊಂದೇ ಕಲ್ಲು, ಒಂದೊಂದೇ ಮಣ್ಣಿನ ಹೆಂಟೆ ಕೆದಕಿ ಪೇಪರಿನ ಮೇಲೆ ಸಾಲಾಗಿ ಇಟ್ಟರು. "ಇದು ಟಾರ್ ರೋಡಿನ ಜಲ್ಲಿ. ಇದೂ ಜಲ್ಲಿ. ಇದೂವೆ ಜಲ್ಲಿಯೇ. ಇದು ಭೀಮನಬೀಡು ಕಡೆ ಕೆಮ್ಮಣ್ಣು. ಇದು ಮದ್ದೂರು ಮಗ್ಗುಲ ಗೊಚ್ಚೆ, ಎಲೆ ಕೊಳೆತ ವಾಸ್ನೆ ಬತ್ತದ ನೋಡಿ." ಎಲ್ಲ ಮುಗಿದ ಮೇಲೆ ಎದ್ದು ಸೊಂಟ ಹಿಡಿದುಕೊಂಡು ಹೇಳಿದರು: "ನೀವು ಸುಳ್ಳೇಳುದ್ರೂ ಟೈರು ಸುಳ್ಳೇಳಲ್ಲ. ದಿನಾ ಕೆಸರಿಗೋಗಿಲ್ಲ ನೀವು. ಇನ್ನೊಂದು ತಿಂಗ್ಳು ಓಡಾಡಿ. ಈ ಕಡೆ ಬಂದಾಗೆಲ್ಲ ತೋರ್ಸಿ ಓಗಿ. ಆಮೇಕ ಏಳ್ತಿನಿ."

ಟೈರು ಮಾರುವವರು ಗಿರಾಕಿಯನ್ನು ಒಂದು ತಿಂಗಳು ಬಿಟ್ಟು ಬಾ ಎಂದು ಕಳಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸಿಟ್ಟೂ ಬಂತು. ಆದರೂ ವಾರಕ್ಕೆರಡು ಸಲ ಹೋಗಿ ಗಾಡಿ ನಿಲ್ಲಿಸುತ್ತಿದ್ದೆ. ಅವರು ಕೆದಕಿ, ಮೂಸಿ, ಪೇಪರಿನ ಮೇಲೆ ಹರಡುತ್ತಿದ್ದರು. ನನಗೆ ಒಂದು ಟೀ ತರಿಸುತ್ತಿದ್ದರು.

ಆ ತಿಂಗಳ ಕೊನೆಗೊಂದು ದಿನ ಪೇಪರನ್ನೇ ನೋಡುತ್ತಾ ಕೇಳಿದರು: "ಡಾಕ್ಟ್ರೇ, ಉಮ್ಮತ್ತೂರು ನಿಮ್ಮೂರಲ್ವಾ? ಅಲ್ಲೆಲ್ಲ ಎರೆಮಣ್ಣು. ಒಂದು ತಿಂಗ್ಳಿಂದ ನೋಡ್ತಾವ್ನಿ, ಒಂದು ಚೂರೂ ಎರೆಮಣ್ಣ ಕಾಣ್ದು. ಊರ್ಗ ಓಗ್ನಿಲ್ವಾ?"

ನಿಜ. ಹೋಗಿರಲಿಲ್ಲ. ಬದುವಿನ ಮೇಲಿನ ಒಂದು ಮರದ ವಿಷಯಕ್ಕೆ ನನಗೂ ನನ್ನ ಒಡಹುಟ್ಟಿದ ಅಣ್ಣನಿಗೂ ಮಾತು ಬೆಳೆದು, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಎದ್ದು ಬಂದಿದ್ದೆ. ಯಾರಿಗೂ ಹೇಳದ ಸಂಗತಿ ನನ್ನ ಟೈರಿನ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು.

"ಓಗಿ ಬನ್ನಿ" ಅಂದರು ಟೈರಣ್ಣ. "ಬ್ಯಾರೆ ಏನಕ್ಕೂ ಅಲ್ಲ. ಆ ಮಣ್ಣ ನೋಡ್ದೆ ನಾ ಟೈರ್ ಏಳಕ್ಕಾಗಲ್ಲ."

ಅದು ನೆಪ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೆಪ ಸಿಕ್ಕಿದ್ದೇ ಸಾಕೆಂದು ಭಾನುವಾರ ಹೋದೆ. ನನ್ನ ಅಣ್ಣ ಜಗಲಿಯ ಮೇಲೆ ಕೂತಿದ್ದ. "ಏನ್ಲಾ, ದಾರಿ ತಪ್ಪಿ ಬಂದಾ?" ಅಂದ. "ಟೈರಿಗೆ ಮಣ್ಣು ಬೇಕಿತ್ತು" ಅಂದೆ. ಅವನು ನಕ್ಕುಬಿಟ್ಟ. ನನಗೂ ತಡೆಯಲಾಗಲಿಲ್ಲ. ಮರದ ಮಾತು ಅವತ್ತು ಬರಲಿಲ್ಲ, ಆಮೇಲೂ ಬಂದಿಲ್ಲ. ಸೋಮವಾರ ಟೈರಣ್ಣ ಅಂಗೈಯಗಲದ ಎರೆಮಣ್ಣಿನ ಹೆಂಟೆ ಕಿತ್ತು ಪೇಪರಿನ ಮೇಲಿಟ್ಟು, "ನಿಮ್ಮೂರ ಮಣ್ಣು ಹಿಡ್ಕಂಡ್ರ ಬುಡಲ್ಲ ಕನ, ನಿಮ್ಮಂಗೇ" ಅಂದರು.

ಅವತ್ತೇ ತೀರ್ಪೂ ಕೊಟ್ಟರು. "ಮಡ್ ಟೈರು ಬ್ಯಾಡ. ನಿಮ್ಮ ಓಡಾಟದಲ್ಲಿ ಅರ್ಧಕ್ಕಿಂತ ಜಾಸ್ತಿ ಟಾರು. ಟಾರ್ ಮ್ಯಾಲ ಅದು ಗುಯ್ ಅಂತದ, ಮಳೇಲಿ ಬ್ರೇಕಿಗೆ ಜಾರ್ತದ. ಗಾಡಿ ಬರೋ ಸದ್ದಿಗೇ ಹಸ ಗೂಟ ಕಿತ್ಕಂಡು ಓಡ್ತದ. ಆಲ್ ಟೆರೇನ್ ಹಾಕಿ. ಟಾರಲ್ಲಿ ಪೇಟೆ ಟೈರಿಗಿಂತ ಒಂದು ಗುಲಗಂಜಿ ಕಮ್ಮಿ, ಕೆಸರಲ್ಲಿ ಮಡ್ ಟೈರಿಗಿಂತ ಒಂದು ಗುಲಗಂಜಿ ಕಮ್ಮಿ. ಆದ್ರ ಎರಡು ಕಡೇಲೂ ಕೈ ಬುಡಲ್ಲ." ಸೈಜು ದೊಡ್ಡದು ಬೇಡ, ಗಾಡಿಗೆ ಕಂಪನಿಯವರು ಹೇಳಿದಷ್ಟೇ ಸಾಕು ಅಂದರು. ಎರೆಮಣ್ಣು ತಾನಾಗಿ ಉದುರುವಷ್ಟು ಸಂದಿ ಇರಬೇಕು. ಎಲ್ಲಕ್ಕಿಂತ ಮುಖ್ಯ, ಪಕ್ಕ ದಪ್ಪಗಿರಬೇಕು. "ಕಾಡಂಚಲ್ಲಿ ಲಂಟಾನ ಪೊದೆ ಸವರಿರ್ತಾರ. ಉಳ್ಕಂಡ ಮೊಂಡು, ಈಟಿ ನಿಂತಂಗ ನಿಂತಿರ್ತದ. ಅದು ಕೆಳಗಿಂದ ಚುಚ್ಚಲ್ಲ, ಪಕ್ಕ ಸೀಳ್ತದ. ಎಂಥ ಟೈರಾದ್ರೂ ಒಂದಲ್ಲ ಒಂದಿನ ಸೀಳ್ತದ. ಪಕ್ಕ ಸೀಳುದ್ರ ಪಂಚರ್ ಹಾಕಕ್ಕಾಗಲ್ಲ. ಅವಾಗ ಐದನೇದೇ ಗತಿ."

ಸ್ಟೆಪ್ನಿ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಐದನೇದು ಎನ್ನುತ್ತಿದ್ದರು. ಊರಿನವರೆಲ್ಲ ನಾಲ್ಕು ಟೈರು ಹಾಕಿಸಿದೆ ಎಂದರೆ ಅವರು ಮಾತ್ರ ಐದು ಎಂದೇ ಎಣಿಸುವರು. ಗಾಳಿ ನೋಡುವಾಗಲೂ ಮೊದಲು ಗಾಡಿಯ ಹಿಂಭಾಗಕ್ಕೇ ಹೋಗುವರು. "ನೆಲದ ಮ್ಯಾಲಿರೋ ನಾಕೂ ತಮ್ಮ ಕಷ್ಟ ತಾವೇ ಏಳ್ತವ. ಬೆನ್ನ ಮ್ಯಾಲ ಕೂತದಲ್ಲ, ಅದ್ರ ಕಷ್ಟ ಕೇಳೋರಿಲ್ಲ" ಎಂದು ಒಮ್ಮೆ ಹೇಳಿದ್ದರು. ಐದನ್ನೂ ಸರದಿಯ ಮೇಲೆ ಓಡಿಸಬೇಕು, ಐದೂ ಒಟ್ಟಿಗೆ ಸವೆಯಬೇಕು ಎನ್ನುವುದು ಅವರ ಕಟ್ಟುನಿಟ್ಟು.

ಹೇಳಿ ಕಳಿಸಿದ ಐದರಲ್ಲಿ ಮೈಸೂರಿನಿಂದ ಬಂದದ್ದು ನಾಲ್ಕೇ. ಐದನೆಯದು ಹತ್ತು ದಿನ ತಡ ಎಂದರು. "ಕಾಯಿರಿ, ಐದೂ ಒಟ್ಟಿಗೆ ಹಾಕ್ಬುಡನ" ಅಂದರು. ಅವರು ಹೇಳಿದಂತೆ ಒಂದು ತಿಂಗಳು ಕಾದಿದ್ದ ನನಗೆ ಹತ್ತು ದಿನ ಕಾಯಲು ಆಗಲಿಲ್ಲ. ಹೊಸ ಟೈರು ಕಣ್ಣ ಮುಂದೆ ಕಂಡ ಮೇಲೆ ನಾನು ಮಿಠಾಯಿ ಕಂಡ ಹುಡುಗನಾಗಿಬಿಟ್ಟಿದ್ದೆ. ಈಗ ನಾಲ್ಕು ಹಾಕಿ, ಅದು ಬಂದಾಗ ಬಂದು ಹಾಕಿಸುತ್ತೇನೆ ಎಂದೆ. ಅವರು ಮನಸ್ಸಿಲ್ಲದೆ ಹಾಕಿದರು. ನಮ್ಮ ಕಡೆ ಹೊಸ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸುತ್ತಾರೆ. ಅಣ್ಣ ನಾಲ್ಕು ಚಕ್ರಕ್ಕೆ ನಾಲ್ಕು ಇಟ್ಟು, ಐದನೆಯ ಹಣ್ಣನ್ನು ನನ್ನ ಕೈಯಲ್ಲಿಟ್ಟರು. "ಇದು ಅದ್ರದ್ದು. ಮರೀಬೇಡಿ" ಅಂದರು. ಅದನ್ನು ಸ್ಟಿಯರಿಂಗಿನ ಮುಂದಿನ ಗೂಡಿನಲ್ಲಿ ಇಟ್ಟುಕೊಂಡೆ.

ಐದನೆಯದು ಬಂತು. ಅವರು ಫೋನ್ ಮಾಡಿದರು. ನಾಳೆ ಬರುತ್ತೇನೆ ಎಂದೆ. ಆ ನಾಳೆ ಬರಲೇ ಇಲ್ಲ. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ನನಗೆ ನಾಲ್ಕು ತಿಂಗಳು ಸಿಗಲಿಲ್ಲ ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ನಿಜವೆಂದರೆ ನಾಲ್ಕು ಟೈರು ಅಷ್ಟು ಚೆನ್ನಾಗಿದ್ದವು. ಎಲ್ಲಿ ಹೋದರೂ ಹೂತುಕೊಳ್ಳಲಿಲ್ಲ, ಜಾರಲಿಲ್ಲ, ಒಂದು ಪಂಚರೂ ಆಗಲಿಲ್ಲ. ಬೆನ್ನ ಮೇಲೆ ಗಾಡಿ ಕೊಂಡಾಗಿನ ಹಳೆಯ ಸ್ಟೆಪ್ನಿಯೇ ಕೂತಿತ್ತು. ಅದರತ್ತ ನಾನು ತಿರುಗಿ ನೋಡಲಿಲ್ಲ. ಅಂಗಡಿಯ ಮುಂದೆ ಹಾದು ಹೋಗುವಾಗ ಗೋಡೆಗೆ ಒರಗಿಸಿದ್ದ ನನ್ನ ಟೈರು ಕಾಣುತ್ತಿತ್ತು. ಬೇರೆಯವರು ಕೇಳಬಾರದೆಂದು ಅದರ ಮೇಲೆ ಸೀಮೆಸುಣ್ಣದಲ್ಲಿ 'ಡಾಕ್ಟ್ರುದು' ಎಂದು ಬರೆದಿದ್ದರು. ನಾನು ಹಾರನ್ ಮಾಡಿ ಕೈಬೀಸುತ್ತಿದ್ದೆ. ಅವರು ಕೈಬೀಸದೆ ಐದು ಬೆರಳು ತೋರಿಸುತ್ತಿದ್ದರು. ನಾನು ನಗುತ್ತಾ ಮುಂದೆ ಹೋಗುತ್ತಿದ್ದೆ.

ಇಷ್ಟು ಜನರ ಟೈರಿಗೆ ದಾರಿ ಹೇಳಿದ ಅವರು ಇಂಥ ಗಾಡಿಯಲ್ಲಿ ಕೂತು ಕಾಡಿನ ದಾರಿಯಲ್ಲಿ ಒಮ್ಮೆಯೂ ಹೋಗಿರಲಿಲ್ಲ. ತಮ್ಮ ಓಡಾಟಕ್ಕೆ ಒಂದು ಹಳೆಯ ಸೈಕಲ್ಲು. ಒಂದು ಅಮಾವಾಸ್ಯೆಯ ಬೆಳಿಗ್ಗೆ ಮದ್ದೂರಿನ ಆಚೆ ಕಾಡಂಚಿನ ಒಂಟಿ ಮನೆಯಿಂದ ಕರೆ ಬಂತು. ಹಸುವಿಗೆ ಹೆರಿಗೆ ಕಷ್ಟವಾಗಿದೆ, ಕರು ಅಡ್ಡ ಬಂದಿದೆ ಎಂದರು. ಅಮಾವಾಸ್ಯೆಯ ದಿನ ಅಣ್ಣನ ಅಂಗಡಿಯಲ್ಲಿ ಹೊಸ ಟೈರು ಹಾಕಿಸುವವರಿಲ್ಲ, ಸುಮ್ಮನೆ ಕೂತಿದ್ದರು. ದಾರಿಯಲ್ಲಿ ಗಾಡಿ ನಿಲ್ಲಿಸಿ "ಬತ್ತೀರಾ ಅಣ್ಣ, ನಿಮ್ಮ ಟೈರಿನ ಕೆಲಸ ನೋಡೀರಂತೆ" ಎಂದೆ. ಅವರ ಹೆಂಡತಿ ಒಳಗಿನಿಂದ "ಅಮಾಸ ದಿನ ಎಲ್ಲಿಗೋದೀರಿ?" ಅಂದರು. "ಟೈರ್ ನೋಡಕ್ಕ ಕನ" ಎಂದು ಇವರು ಹತ್ತಿ ಕೂತೇಬಿಟ್ಟರು. ಐದನೆಯದನ್ನು ಹಾಕಿಕೊಂಡೇ ಹೋಗೋಣ ಎಂದರು. ಹಸು ಕಾಯುವುದಿಲ್ಲ ಅಣ್ಣ ಎಂದೆ. ಆ ಮಾತು ನಿಜವಾಗಿತ್ತು. ಅದರ ಹಿಂದಿನ ನಾಲ್ಕು ತಿಂಗಳ ನನ್ನ ಮಾತು ಯಾವುದೂ ನಿಜವಾಗಿರಲಿಲ್ಲ.

ಆ ದಾರಿಯಲ್ಲಿ ಅವರನ್ನು ನೋಡಬೇಕಿತ್ತು. ಹಿಂದಿನ ದಿನದ ಮಳೆಗೆ ಏರು ಬೆಣ್ಣೆಯಾಗಿತ್ತು. ಅವರು ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ ಮುಂದಿನ ಚಕ್ರವನ್ನೇ ನೋಡುತ್ತಿದ್ದರು. "ಕಚ್ಕತ್ತು ನೋಡಿ. ಬುಡ್ತು. ಆ, ತಿರ್ಗಾ ಕಚ್ಕತ್ತು. ಮಣ್ಣ ಎಂಗ ಉಗೀತದ ನೋಡಿ ಡಾಕ್ಟ್ರೇ." ಮೇಲೆ ಹತ್ತಿದ ಮೇಲೆ ಒಳಗೆ ಬಂದು, ಮುಖಕ್ಕೆ ಸಿಡಿದ ಕೆಸರು ಒರೆಸಿಕೊಳ್ಳದೆ, "ನಾ ಏಳಿದ್ದು ಸರಿಯಾಗದ" ಎಂದರು. ಅಷ್ಟು ಸಂತೋಷದ ಮುಖವನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ.

ಮನೆಯ ಹತ್ತಿರ ಗಾಡಿ ನಿಲ್ಲಿಸಿ ನಾನು ಕೊಟ್ಟಿಗೆಗೆ ಓಡಿದೆ. ಅವರು ಗಾಡಿಯ ಹತ್ತಿರವೇ ಉಳಿದರು. ಕರುವನ್ನು ತಿರುಗಿಸಿ ಎಳೆಯುವಷ್ಟರಲ್ಲಿ ಒಂದೂವರೆ ಗಂಟೆಯಾಯಿತು. ಕೈ ತೊಳೆದು ಬಂದಾಗ ಅವರು ಹಿಂದಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಜಾಕಿ, ಕಾಲು ಪಂಪು. ಹಿಂದಿನ ಎಡಗಡೆಯ ಹೊಸ ಟೈರು ಬಿಚ್ಚಿ ಬಿದ್ದಿತ್ತು, ಅದರ ಪಕ್ಕ ಗೇಣುದ್ದ ಸೀಳಿತ್ತು. ಆತುರದಲ್ಲಿ ಗಾಡಿ ನಿಲ್ಲಿಸುವಾಗ ತಗುಲಿದ ಲಂಟಾನ ಮೊಂಡಿನ ಕೆಲಸ. ಅದರ ಜಾಗದಲ್ಲಿ ಹಳೆಯ ಸ್ಟೆಪ್ನಿ ಕೂತಿತ್ತು.

"ಕರ ಉಳೀತಾ?" ಎಂದರು.

"ಉಳೀತು. ತಾಯಿನೂ ಉಳೀತು."

"ಎಣ್ಣಾ, ಗಂಡಾ?"

"ಹೆಣ್ಣು. ನೀವ್ಯಾಕಣ್ಣ ಈ ಬಿಸಿಲಲ್ಲಿ? ನಾ ಬಂದು ಹಾಕ್ತಿರ್ಲಿಲ್ವಾ?"

"ನಿಮ್ಗ ಮುಂದಿನ ಹಸ ಕಾಯ್ತಿರ್ತದಲ್ಲ" ಎಂದರು. ಆಮೇಲೆ ಮೆಲ್ಲಗೆ, "ಅದ್ರಲ್ಲಿ ಗಾಳಿಯೇ ಇರ್ನಿಲ್ಲ ಡಾಕ್ಟ್ರೇ. ಒಂಚೂರೂ ಇರ್ನಿಲ್ಲ" ಅಂದರು.

ಬರಿದಾಗಿದ್ದ ಟೈರನ್ನು ಅರವತ್ತು ದಾಟಿದ ಮನುಷ್ಯ ಕಾಲು ಪಂಪಿನಲ್ಲಿ ತುಂಬಿದ್ದರು. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಎದೆ ಹಿಡಿದಂಗಾಗದ, ಗ್ಯಾಸು, ಬೆಳಿಗ್ಗೆ ಬರೀ ಟೀ ಕುಡಿದಿದ್ದೆ ಎಂದರು. ನಾನು ನಂಬಿದೆ. ಬಾಯಿಲ್ಲದ ಪ್ರಾಣಿಗೆ ಎಲ್ಲಿ ನೋವೆಂದು ಹುಡುಕುವುದೇ ನನ್ನ ಕಸುಬು. ಬಾಯಿದ್ದ ಮನುಷ್ಯ ಹೇಳಿದ್ದನ್ನು ಕೇಳಿ ನೀರು ಕೊಟ್ಟು ಗಾಡಿ ಹತ್ತಿಸಿದೆ.

ಟಾರು ರಸ್ತೆಗೆ ಬಂದಾಗ ಅವರ ಮುಖ ನೋಡಿ ಭಯವಾಯಿತು. ಒಂದು ಕೈಯಿಂದ ಅವರ ಮಣಿಕಟ್ಟು ಹಿಡಿದೆ. ನಾಡಿ ಎಡವುತ್ತಿತ್ತು. ಆಕ್ಸಿಲರೇಟರ್ ತುಳಿದೆ. ಅವರು ಉಗುರಿಲ್ಲದ ಆ ಹೆಬ್ಬೆರಳಿನ ಕೈಯನ್ನು ನನ್ನ ತೋಳಿನ ಮೇಲಿಟ್ಟರು. "ನಲವತ್ತು ದಾಟ್ಬೇಡಿ. ಇಂದ್ಗಡ ಹಳೇದು ಕೂತದ. ಅದ ನಂಬ್ಬೇಡಿ. ನಿಮ್ಗೇನಾರ ಆದ್ರ."

ನಲವತ್ತು ದಾಟಲಿಲ್ಲ. ದಾಟಬೇಕಿತ್ತೋ ಏನೋ. ದಾಟಿದ್ದರೆ ಆ ಟೈರು ಸಿಡಿಯುತ್ತಿತ್ತೋ ಏನೋ. ಎಷ್ಟೋ ಸಲ ಅದೇ ರಸ್ತೆಯಲ್ಲಿ ಒಬ್ಬನೇ ಹೋಗುವಾಗ ಈ ಲೆಕ್ಕ ಹಾಕಿದ್ದೇನೆ. ಉತ್ತರ ಸಿಕ್ಕಿಲ್ಲ.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ತಡ ಮಾಡದೆ ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಕಳಿಸಿದರು. ಅವರ ಹೆಂಡತಿಯೂ ನಾನೂ ಜೊತೆಗಿದ್ದೆವು. ದಾರಿಯಲ್ಲಿ ಅವರು ಕಣ್ಣು ತೆರೆದು, ಸ್ವಲ್ಪ ಹೊತ್ತು ಕೆಳಗಿನ ಸದ್ದಿಗೆ ಕಿವಿಗೊಟ್ಟು, "ಈ ಗಾಡಿಗೆ ಅಲೈನ್‌ಮೆಂಟ್ ಓಗದ. ಡ್ರೈವರ್‌ಗ ಒಂದು ಮಾತು ಏಳಿ" ಎಂದರು. ನನಗೆ ಅವರು ಹೇಳಿದ ಕೊನೆಯ ಮಾತು ಅದು. ಅಲ್ಲಿನ ಡಾಕ್ಟರು ನೋವು ಶುರುವಾಗಿ ಎಷ್ಟು ಹೊತ್ತಾಯಿತು ಎಂದು ಕೇಳಿದರು. ಹೇಳಿದೆ. ಅವರು ಬರೆದುಕೊಂಡರು. ಮರುದಿನ ಬೆಳಿಗ್ಗೆ ಅಣ್ಣ ಹೋಗಿಬಿಟ್ಟರು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅಂಗಡಿಗೆ ಹೋದೆ. ನನ್ನ ತಪ್ಪನ್ನು ಹೇಳದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅಕ್ಕ, ಅಂದರೆ ಅವರ ಹೆಂಡತಿ, ಬಾಗಿಲಲ್ಲಿ ಕೂತಿದ್ದರು. ಅವರ ಹಿಂದೆ ಗೋಡೆಗೆ ಒರಗಿ ನನ್ನ ಟೈರು ನಿಂತಿತ್ತು. ಸೀಮೆಸುಣ್ಣ ಮಾಸಿತ್ತು, ಅಕ್ಷರ ಓದಲು ಬರುತ್ತಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಅಣ್ಣ ಎಷ್ಟು ಸಲ ಕರೆದರು, ನಾನು ಎಷ್ಟು ಸಲ ನಾಳೆ ಎಂದೆ, ಆ ಬಿಸಿಲಲ್ಲಿ ಅವರು ಪಂಪು ತುಳಿದದ್ದು ನನ್ನ ಸೋಮಾರಿತನಕ್ಕೆ ಎಂದು ಹೇಳಿದೆ.

ಅಕ್ಕ ತಿರುಗಿ ಗೋಡೆಗೆ ಒರಗಿದ್ದ ಟೈರನ್ನು ನೋಡಿದರು.

"ಗೊತ್ತು ಕನಪ್ಪ" ಎಂದರು ಆಮೇಲೆ. "ಆಸ್ಪತ್ರೇಲಿ ನಂಗ ಏಳುದ್ರು. ಪಂಪು ತುಳಿದ ವಿಷ್ಯ ನಮ್ ಡಾಕ್ಟ್ರ ಮುಂದ ಎತ್ಬೇಡ, ಮನಸ್ಗ ಹಚ್ಕತ್ತಾರ ಅಂದ್ರು. ಐದನೇದ ಹಾಕ್ಬುಟ್ಟು ಕಳ್ಸು ಅಂದ್ರು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವರು ಅಳಲು ಬಿಟ್ಟರು.

ಇಪ್ಪತ್ತು ವರ್ಷ ಅಣ್ಣನ ಜೊತೆ ದುಡಿದ ಕೆಲಸದವರು ಟೈರನ್ನು ರಿಮ್ಮಿಗೆ ಕೂರಿಸಿ, ಹಿಂದಿನ ಎಡಗಡೆಗೆ ಹಾಕಿದರು. ಅಕ್ಕ ನಿಂಬೆಹಣ್ಣು ತರಲು ಎದ್ದರು. ಬೇಡ ಎಂದು ನಾನು ಗೂಡಿನಿಂದ ಹಳೆಯ ಹಣ್ಣನ್ನು ತೆಗೆದೆ. ಕಪ್ಪಗೆ ಒಣಗಿ ಅಡಿಕೆಯಷ್ಟಾಗಿತ್ತು. ಕೈಯಲ್ಲಿ ಹಿಡಿದು ನೋಡಿದ ಮೇಲೆ ಅದು ಐದನೇದರ ಹಣ್ಣೆಂದು ಅವರಿಗೂ ತಿಳಿಯಿತು. ತಾವೇ ಬಗ್ಗಿ ಚಕ್ರದ ಕೆಳಗೆ ಇಟ್ಟರು. ಗಾಡಿ ಹತ್ತಿತು. ಅದರಲ್ಲಿ ರಸವಿರಲಿಲ್ಲ, ಕಟ್ ಎಂದು ಒಂದು ಸದ್ದು ಮಾತ್ರ ಬಂತು.

ಸೀಳಿದ ಟೈರಿಗೆ ಬದಲು ಅದೇ ಜಾತಿಯದನ್ನು ತರಿಸಿ ಬೆನ್ನಿಗೆ ಹಾಕಿಸಿದ್ದೇನೆ. ಗಾಳಿ ನೋಡುವಾಗ ಮೊದಲು ಅದನ್ನೇ ನೋಡುತ್ತೇನೆ. ಸರದಿಯ ಮೇಲೆ ಐದನ್ನೂ ಓಡಿಸುತ್ತೇನೆ. ಭಾನುವಾರ ಪೇಪರ್ ಹಾಸಿ ಸಂದಿಗಳನ್ನು ಕೆದಕುತ್ತೇನೆ. ಜಲ್ಲಿ, ಕೆಮ್ಮಣ್ಣು, ಮದ್ದೂರಿನ ಗೊಚ್ಚೆ ಎಲ್ಲವನ್ನೂ ಗುರುತು ಹಿಡಿಯುವುದು ಬಂದಿದೆ. ಎರೆಮಣ್ಣು ಕಾಣದಿದ್ದರೆ ಅವತ್ತೇ ಉಮ್ಮತ್ತೂರಿಗೆ ಹೋಗಿ ನನ್ನ ಅಣ್ಣನ ಜೊತೆ ಊಟ ಮಾಡಿ ಬರುತ್ತೇನೆ. ಕೊನೆಗೆ ಬಲಗೈ ಹೆಬ್ಬೆರಳನ್ನು ಟೈರಿನ ಸಂದಿಗೆ ತೂರಿಸಿ, ಅವರ ಹಾಗೆ ಕಣ್ಣು ಮುಚ್ಚುತ್ತೇನೆ. ಇನ್ನೆಷ್ಟು ಮಳೆಗಾಲ ಬರುತ್ತದೆಂದು ತಿಳಿಯುವುದಿಲ್ಲ. ಉಗುರು ಅಡ್ಡ ಬರುತ್ತದೆ.